ಹದ್ದಿಗೆ ಬಾಂಬು ಕಟ್ಟಿದ್ದು: ನನ್ನ ಎಫ್-15 ಮಾದರಿಯ ಅನುಭವ

"ಕತ್ತೆಯ ಕೆಲಸಕ್ಕೆ ಹದ್ದನ್ನು ಹಚ್ಚಬೇಡ ಮಾರಾಯ" ಎಂದು ನಮ್ಮ ಮೈದಾನದ ಹಿರಿಯರೊಬ್ಬರು ಮೊದಲ ದಿನವೇ ಹೇಳಿದ್ದರು. 70 ಮಿಲಿಮೀಟರ್ ಫ್ಯಾನಿನ, ರಿಮೋಟಿನಿಂದ ಹಾರಿಸುವ ನನ್ನ ಫೋಮ್ ಎಫ್-15 ಮಾದರಿ ವಿಮಾನ ಹೊರೆ ಹೊರಲು ಹುಟ್ಟಿದ್ದಲ್ಲ ಎಂಬುದು ಅವರ ವಾದ. 'ಈಗಲ್', ಅಂದರೆ ಹದ್ದು, ಎಂಬ ಹೆಸರಿನ ನಿಜವಾದ ಅಮೆರಿಕನ್ ಯುದ್ಧವಿಮಾನವೂ ಹಾಗೆಯೇ ಹುಟ್ಟಿದ್ದು. 1972ರಲ್ಲಿ ಮೊದಲು ಹಾರಿದ ಆ ಎಫ್-15ರ ಹಿಂದಿದ್ದವರ ಘೋಷಣೆಯೇ 'ನೆಲದ ದಾಳಿಗೆಂದು ಒಂದು ಪೌಂಡ್ ತೂಕವೂ ಇಲ್ಲ' ಎಂಬುದಾಗಿತ್ತು. 1986ರ ಡಿಸೆಂಬರಿನಲ್ಲಿ ಅದೇ ಮೈಕಟ್ಟಿನ ಎಫ್-15ಇ ಬಾಂಬು ಹೊರುವ ವಿಮಾನವಾಗಿ ಹಾರಿತಲ್ಲ ಎಂದೆ. "ಅವರ ಹತ್ತಿರ ದುಡ್ಡಿತ್ತು" ಎಂದರು.

ಆ ಮಾತನ್ನು ಒಪ್ಪುತ್ತೇನೆ. ಈ ಹುಚ್ಚಿಗೆ ಎರಡು ಏರ್‌ಫ್ರೇಮ್ (ವಿಮಾನದ ಮೈ), ಒಂದು ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ), ಮೂರು ಬ್ಯಾಟರಿ ಹೋದವು. ಪಟ್ಟಿ, ತಂತಿ ಎಳೆಯುವ ಪುಟ್ಟ ಮೋಟಾರುಗಳಾದ 9 ಗ್ರಾಂ ಸರ್ವೋಗಳ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಮನೆಯಲ್ಲಿ ಯಾರಾದರೂ ನೋಡುತ್ತಿದ್ದರು. ಎಲ್ಲ ಕೂಡಿಸಿದರೆ ಹೊಸ ಜೆಟ್ಟೊಂದು ಬರುತ್ತಿತ್ತು, ಬಹುಶಃ ಒಂದೂವರೆ.

ಮೊದಲ ಸಲ ಎಲ್ಲರಂತೆ ರೆಕ್ಕೆಯ ಕೆಳಗೇ ಪೈಲಾನ್, ಅಂದರೆ ಬಾಂಬು ತೂಗುಹಾಕುವ ಕೊಂಡಿ, ಅಂಟಿಸಿದೆ. ಬಾಂಬು ಎಂದರೆ ಸೀಮೆಸುಣ್ಣದ ಪುಡಿ ತುಂಬಿದ ಕಾಗದದ ಕೊಳವೆ, ತಲಾ 45 ಗ್ರಾಂ ಆಸುಪಾಸು. ವಿಮಾನ ಬ್ಯಾಟರಿ ಸಮೇತ ಸುಮಾರು 1.8 ಕಿಲೋ, ನಾಲ್ಕು ಬಾಂಬು ಸೇರಿ 180 ಗ್ರಾಂ. ಹತ್ತರಲ್ಲೊಂದು ಪಾಲು ತಾನೇ, ಏನು ಮಹಾ ಎಂದುಕೊಂಡೆ. ಎಡಗಡೆಯ ಎರಡು ಬಿದ್ದವು, ಬಲಗಡೆಯ ಬಾಂಬುಗಳನ್ನು ಹಿಡಿದಿದ್ದ ಪಿನ್ನು ಕಚ್ಚಿಕೊಂಡಿತು. ವೇಗವಿದ್ದಾಗ ಐಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯಂಚಿನ ಪಟ್ಟಿ) ಹೇಗೋ ಸಂಭಾಳಿಸಿತು. ಇಳಿಸಲೆಂದು ಥ್ರೊಟಲ್ ತಗ್ಗಿಸಿದ್ದೇ ತಡ, ಬಲಕ್ಕೆ ಮಗುಚಿ ಮೂಗು ನೆಟ್ಟಿತು. ಮೊದಲ ಏರ್‌ಫ್ರೇಮ್ ಮುಗಿಯಿತು.

ಆಮೇಲೆ ಕುಳಿತು ಎಫ್-15ಇ ಚಿತ್ರಗಳನ್ನು ನೋಡಿದೆ. ಅದರ ಗಾಳಿಬಾಯಿಯ ಪಕ್ಕದಲ್ಲಿ, ಮೈಗೆ ಅಂಟಿಕೊಂಡಂತೆ ಉದ್ದನೆಯ ಇಂಧನ ಟ್ಯಾಂಕುಗಳಿವೆ. ಆ ಟ್ಯಾಂಕಿಗೇ ಒಂದೊಂದು ಬದಿಗೆ ಆರು ಗಿಡ್ಡ ಕೊಂಡಿಗಳು. ಬಾಂಬುಗಳು ರೆಕ್ಕೆಯಲ್ಲಿ ತೂಗಾಡದೆ ಒಂದರ ಹಿಂದೊಂದು ಮೈಗೊರಗಿ ನಿಲ್ಲುತ್ತವೆ. ಗಾಳಿಯ ಎಳೆತ ಕಡಿಮೆ, ಒಂದು ಸಿಕ್ಕಿಕೊಂಡರೂ ನಡುಗೆರೆಗೆ ಹತ್ತಿರ. ಹಳೆಯ ರೆಕ್ಕೆಯ ಫೋಮಿನಲ್ಲೇ ಅಂಥ ಎರಡು ಟ್ಯಾಂಕು ಕೆತ್ತಿ, ಒಳಗೆ ಹಿತ್ತಾಳೆ ತಂತಿ ಹಾಯಿಸಿದೆ. ಸಿಜಿಗೆ, ಅಂದರೆ ವಿಮಾನದ ತೂಕ ಸಮನಾಗುವ ಬಿಂದುವಿಗೆ, ಸ್ವಲ್ಪ ಮುಂದೆ ಒಂದು ಜೊತೆ, ಹಿಂದೆ ಒಂದು ಜೊತೆ. ಒಂದೇ ಸರ್ವೋ ಮೆಟ್ಟಿಲು ಮೆಟ್ಟಿಲಾಗಿ ತಂತಿ ಎಳೆಯುತ್ತದೆ: ಮುಂದಿನ ಎಡ, ಹಿಂದಿನ ಬಲ, ಹೀಗೆ ಅಡ್ಡಡ್ಡ.

ಈಗ ಬಾಂಬು ಬೀಳಲೇ ಇಲ್ಲ. ನೆಲದ ಮೇಲೆ ಪಿನ್ನು ಬಿಟ್ಟರೆ ತೊಪ್ಪನೆ ಬೀಳುತ್ತಿದ್ದದ್ದು, ಹಾರುವಾಗ ಪಿನ್ನು ಬಿಟ್ಟರೂ ಗಾಳಿಯ ಒತ್ತಡಕ್ಕೆ ಮೈಗೆ ಅಂಟಿಕೊಂಡೇ ಬರುತ್ತಿತ್ತು. ಒಂದಂತೂ ಎರಡು ಸುತ್ತು ಸವಾರಿ ಮಾಡಿ, ಇಳಿಯುವಾಗ ನನ್ನ ಕಾಲ ಬಳಿಯೇ ಬಿತ್ತು. ನಿಜ ವಿಮಾನದಲ್ಲಿ ಸಣ್ಣ ಮದ್ದಿನ ತೋಟೆ ಸಿಡಿಸಿ ಬಾಂಬನ್ನು ಕೆಳಕ್ಕೆ ತಳ್ಳುವುದು ಸುಮ್ಮನೆ ಅಲ್ಲ. ನಾನು ಬಾಲ್‌ಪೆನ್ನಿನ ಸ್ಪ್ರಿಂಗ್ ಇಟ್ಟೆ. ಮೂಗಿನ ಕಡೆ ಹೆಚ್ಚು ತಳ್ಳಿದ್ದಕ್ಕೆ ಬಾಂಬು ಗಿರಕಿ ಹೊಡೆದು ಹಿಂದಿನ ಬಾಲರೆಕ್ಕೆಯನ್ನೇ ಕಚ್ಚಿತು. ಕೊನೆಗೆ ಸ್ಪ್ರಿಂಗ್ ತೆಗೆದು ಒತ್ತಿದರೆ ಪುಟಿಯುವ ಒಂದು ಬಗೆಯ ಮೆತ್ತೆ ಇಟ್ಟೆ. ಯಾವ ಮೆತ್ತೆ, ಎಷ್ಟು ದಪ್ಪ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಎರಡು ಏರ್‌ಫ್ರೇಮ್ ಕೊಟ್ಟು ಕಲಿತದ್ದು.

ಎರಡನೆಯ ಏರ್‌ಫ್ರೇಮ್ ಹೋದದ್ದು ಗುರಿಯ ಆಸೆಗೆ. ಸಮತಲದಲ್ಲಿ 20 ಮೀಟರ್ ಎತ್ತರ, ಸೆಕೆಂಡಿಗೆ 25 ಮೀಟರ್ ವೇಗ ಎಂದರೆ ಬಾಂಬು ನೆಲ ಮುಟ್ಟಲು ಎರಡು ಸೆಕೆಂಡು ಬೇಕು, ಅಷ್ಟರಲ್ಲಿ ಹತ್ತಿರ ಹತ್ತಿರ 50 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರದಿಂದ ಅಂದಾಜು ಕಟ್ಟುವುದು ನನ್ನ ಕಣ್ಣಿಗೆ ಆಗದು. 30 ಡಿಗ್ರಿ ಮೂಗು ತಗ್ಗಿಸಿ ಬಿಟ್ಟರೆ ಆ ದೂರ ಅರ್ಧಕ್ಕಿಳಿಯುತ್ತದೆ. ಸರಿ, ಧುಮುಕಿಸಿದೆ, ಥ್ರೊಟಲ್ ಪೂರ್ತಿ ಇಳಿಸಿ. ಫ್ಯಾನು ಮತ್ತೆ ವೇಗ ಹಿಡಿಯಲು ಸಮಯ ಬೇಕು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಬಾಂಬು ಗುರಿಯ ವೃತ್ತದೊಳಗೆ ಬಿತ್ತು. ವಿಮಾನವೂ ವೃತ್ತದೊಳಗೇ ಬಿತ್ತು. ಈಗ ಧುಮುಕುವಾಗಲೂ ಅರ್ಧ ಥ್ರೊಟಲ್ ಬಿಟ್ಟಿರುತ್ತೇನೆ, ಬಾಂಬು ಬಿಡುವ ಮೊದಲೇ ಎಲಿವೇಟರ್ (ಮೂಗು ಎತ್ತುವ ಬಾಲದ ಪಟ್ಟಿ) ಎಳೆಯಲು ಶುರು ಮಾಡುತ್ತೇನೆ.

ನಡುವೆ ಗುರಿ ಹಿಡಿಯಲು ಹೊಟ್ಟೆಗೆ ಸಣ್ಣ ಕ್ಯಾಮೆರಾ ಅಂಟಿಸಿ ನೋಡಿದೆ. ಪರದೆಯಲ್ಲಿ ವೃತ್ತ ಕಾಣಿಸುವಷ್ಟರಲ್ಲಿ ವಿಮಾನ ಅದನ್ನು ದಾಟಿರುತ್ತಿತ್ತು. ಹೀರುಕೊಳವೆಗಳ ರಾಕೆಟ್ ಗೂಡನ್ನೂ ಮಾಡಿದೆ. ಚೆಂದ ಕಂಡಿತು, ಗಾಳಿಯ ಎಳೆತಕ್ಕೆ ಬ್ಯಾಟರಿ ಮಾತ್ರ ಒಂದು ನಿಮಿಷ ಮೊದಲೇ ಬರಿದಾಯಿತು. ಬಾಂಬಿಗೆ ಕಾಗದದ ಬಾಲ ಅಂಟಿಸಿದ್ದು ಮಾತ್ರ ದುಡ್ಡಿಲ್ಲದೆ ಬಂದ ಲಾಭ, ಗಿರಕಿ ಪೂರ್ತಿ ನಿಂತಿತು.

ಮೂರನೆಯ ಏರ್‌ಫ್ರೇಮ್ ಈಗ ಐವತ್ತು ಹಾರಾಟದ ಹತ್ತಿರ ಬಂದಿದೆ. ಐದು ಮೀಟರ್ ವೃತ್ತಕ್ಕೆ ನಾಲ್ಕರಲ್ಲಿ ಮೂರು ಬೀಳುತ್ತವೆ, ಗಾಳಿ ಇಲ್ಲದ ಬೆಳಗ್ಗೆ ನಾಲ್ಕೂ. ಹಿರಿಯರು ಕುರ್ಚಿಯನ್ನು ವೃತ್ತದಿಂದ ಇನ್ನಷ್ಟು ದೂರ ಎಳೆದುಕೊಂಡಿದ್ದಾರೆ. ಒಂದು ತೊಂದರೆ ಇನ್ನೂ ಬಗೆಹರಿದಿಲ್ಲ: ಹಿಂದಿನ ಜೊತೆ ಬೀಳದೆ ಉಳಿದರೆ ಇಳಿಯುವಾಗ ನೆಲಕ್ಕೆ ಉಜ್ಜಿ ಪಿನ್ನು ಬಾಗುತ್ತದೆ. ಮೈದಾನದ ಆಚೆ ಅಂಚಿನಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಉಳಿದದ್ದನ್ನು ಅಲ್ಲೇ ಕೆಡವಿ ಬರುತ್ತೇನೆ.