ಚಿಗರೆ ಹಿಡಿಯುವ ಪೈಲ್ವಾನ: ಜಾಂಗೀಫ್ ಆಡುವುದು ಹೇಗೆ?

ನನ್ನ ಅಕ್ಕನ ಮಗ ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೊ ಗೇಮ್ ಆಡಲು ಕೂತರೆ ಕ್ಯಾಮಿ ಎಂಬ ಚುರುಕು ಪಾತ್ರವನ್ನೇ ಆರಿಸುತ್ತಾನೆ. ನಾನು ಜಾಂಗೀಫ್. ಅವಳು ಚಿಗರೆ, ಇವನು ಎಮ್ಮೆ. ಮೊದಮೊದಲು ಅವಳ ಹಿಂದೆ ಓಡಿ ಓಡಿಯೇ ಸೋತೆ. ಹಾರಿದರೆ ಕೆಳಗಿನಿಂದ ಒದೆ, ಸುಮ್ನೆ ನಿಂತರೆ ಮುಖಕ್ಕೆ ಒದೆ. ಓಡುವುದನ್ನು ಬಿಟ್ಟ ಮೇಲೆ ಗೆಲ್ಲಲು ಶುರು ಮಾಡಿದೆ.

1991ರಲ್ಲಿ ಸ್ಟ್ರೀಟ್ ಫೈಟರ್ 2 ಆರ್ಕೇಡ್‌ಗೆ ಬಂದಾಗಿನಿಂದ ಈ ರಷ್ಯನ್ ಕುಸ್ತಿಪಟು ಇದ್ದಾನೆ. ಕೆಂಪು ಚಡ್ಡಿ, ಮೈತುಂಬಾ ಗಾಯದ ಗುರುತು. ರ್‍ಯೂ, ಕೆನ್ ಎಂಬ ಪಾತ್ರಗಳ ಥರ ದೂರದಿಂದ ಬೆಂಕಿ ಎಸೆಯಲು ಬರುವುದಿಲ್ಲ. ಬರುವುದು ಒಂದೇ, ಹಿಡಿದು ಎತ್ತಿ ಕುಕ್ಕುವುದು. ನಮ್ಮ ಗರಡಿ ಮನೆಯ ಮಾತಲ್ಲಿ ಹೇಳುವುದಾದರೆ, ಪಟ್ಟು.

ಮೊದಲು ಲೆಕ್ಕ ಹಾಕಿ

ಈ ಆಟದಲ್ಲಿ ಹೆಚ್ಚಿನವರಿಗೆ 10,000 ಪ್ರಾಣ. ಜಾಂಗೀಫ್‌ಗೆ 11,000. ಅವನ ಸ್ಕ್ರೂ ಪೈಲ್‌ಡ್ರೈವರ್ ಎಂಬ ಎತ್ತಿ ಕುಕ್ಕುವ ಪಟ್ಟು ನಾಲ್ಕು ಸಲ ಕೂಡಿಬಂದರೆ ಎದುರಾಳಿಯ ಕಥೆ ಮುಗಿದಂತೆ. ಅಂದರೆ ಕ್ಯಾಮಿ ಹತ್ತು ಸಲ ಒದ್ದರೂ ಗಾಬರಿ ಬೇಡ. ಅವಳು ಚಿಲ್ಲರೆ ಎಣಿಸುತ್ತಿದ್ದಾಳೆ, ನೀವು ನೋಟು ಎಣಿಸುವವರು. ಒದೆ ತಿಂದ ಸಿಟ್ಟಿಗೆ ತಕ್ಷಣ ಏನೋ ಒಂದು ಬಟನ್ ಒತ್ತುವುದೇ ಭಾರಿ ಪಾತ್ರ ಹಿಡಿದವರ ದೊಡ್ಡ ರೋಗ.

ನಡೆಯಿರಿ, ಹಾರಬೇಡಿ

ಎರಡು ಹೆಜ್ಜೆ ಮುಂದೆ, ನಿಂತು ಬ್ಲಾಕ್, ಅಂದರೆ ಸ್ಟಿಕ್ ಹಿಂದಕ್ಕೆ ಎಳೆದು ಹೊಡೆತ ತಡೆಯುವುದು. ಮತ್ತೆ ಎರಡು ಹೆಜ್ಜೆ. ನೋಡಲು ಬೋರು, ಆದರೆ ಪ್ರತಿ ಹೆಜ್ಜೆಗೂ ಅವಳ ಹಿಂದಿನ ಜಾಗ ಕಡಿಮೆಯಾಗುತ್ತದೆ. ವೇಗದ ಪಾತ್ರಕ್ಕೆ ಬಯಲು ಬೇಕು, ಮೂಲೆಯಲ್ಲಿ ವೇಗ ಏನು ಮಾಡೀತು? ಬೆಂಕಿ ಎಸೆಯುವವರು ಸಿಕ್ಕರೆ ಡ್ರೈವ್ ಪ್ಯಾರಿ ಎಂಬ ತಡೆ ಒತ್ತಿ ಆ ಬೆಂಕಿಯನ್ನು ನುಂಗಿ, ಅದರಿಂದ ಡ್ರೈವ್ ಗೇಜ್ (ವಿಶೇಷ ಪಟ್ಟುಗಳಿಗೆ ಖರ್ಚಾಗುವ ಶಕ್ತಿಯ ಅಳತೆ) ಕೂಡ ತುಂಬುತ್ತದೆ.

ಆ ಗೇಜ್ ಮೇಲೆ ಒಂದು ಕಣ್ಣಿರಲಿ. ಇರುವುದು ಆರು ಗೆರೆ. ಬ್ಲಾಕ್ ಮಾಡಿದರೂ ಕರಗುತ್ತದೆ. ಪೂರ್ತಿ ಖಾಲಿಯಾದರೆ ಬರ್ನ್‌ಔಟ್, ಆಗ ಸ್ಪೆಷಲ್ ಹೊಡೆತಗಳನ್ನು ತಡೆದರೂ ಪ್ರಾಣ ಹೋಗುತ್ತದೆ. ಒದೆಯ ಮಳೆ ಸುರಿಯುತ್ತಿದ್ದರೆ ಒಂದು ಗೆರೆ ಕೊಟ್ಟು ಡ್ರೈವ್ ಇಂಪ್ಯಾಕ್ಟ್ ಎಂಬ ಜೋರು ಹೊಡೆತ ಹಾಕಬಹುದು. ಎರಡು ಹೊಡೆತ ತಿಂದುಕೊಂಡೇ ಮುನ್ನುಗ್ಗುತ್ತದೆ. ದಿನಾ ಹಾಕಿದರೆ ಎದುರಿನವರೂ ಕಲಿತುಬಿಡುತ್ತಾರೆ, ಅಪರೂಪಕ್ಕೆ ಸಾಕು.

ಆ ಸುತ್ತು

ಎಲ್ಲರೂ ಎಡವುವುದು ಇಲ್ಲೇ. ಸ್ಕ್ರೂ ಪೈಲ್‌ಡ್ರೈವರ್‌ಗೆ ಸ್ಟಿಕ್ ಅನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಪಂಚ್ ಒತ್ತಬೇಕು. ಸುತ್ತಿನಲ್ಲಿ ‘ಮೇಲೆ’ ಕೂಡ ಬರುತ್ತದಲ್ಲ, ಹಾಗಾಗಿ ನಿಧಾನ ಮಾಡಿದರೆ ಜಾಂಗೀಫ್ ಹಿಡಿಯುವ ಬದಲು ಪೆದ್ದನಂತೆ ಹಾರುತ್ತಾನೆ. ಮೊದಲ ವಾರ ನನ್ನ ಜಾಂಗೀಫ್ ಬರೀ ಹಾರಿದ್ದೇ.

ಉಪಾಯ ಇಷ್ಟೇ: ಬೇರೆ ಏನಾದರೂ ಮಾಡುತ್ತಿರುವಾಗಲೇ ಸುತ್ತು ಮುಗಿಸಿ. ಕೂತು ಒಂದು ಸಣ್ಣ ಒದೆ ಒದೆಯಿರಿ. ಸ್ಟಿಕ್ ಹೇಗೂ ಕೆಳಗಿದೆ. ಆ ಒದೆ ಪರದೆಯ ಮೇಲೆ ಮುಗಿಯುವಷ್ಟರಲ್ಲಿ ಹಿಂದೆ, ಮೇಲೆ, ಮುಂದೆ ತಿರುಗಿಸಿಬಿಡಿ. ಒದೆಯುತ್ತಿರುವವನು ಹಾರಲಾರ, ಅಲ್ವಾ? ಒದೆ ಮುಗಿದ ಮೇಲೆ ಒಂದು ಉಸಿರಿನಷ್ಟು ತಡೆದು ಪಂಚ್. ಈ ತಡೆ ಯಾಕೆಂದರೆ, ಎದುರಾಳಿ ಇನ್ನೂ ಬ್ಲಾಕ್ ಮಾಡುತ್ತಾ ನಡುಗುತ್ತಿರುವಾಗ ಹಿಡಿಯಲು ಆಗುವುದಿಲ್ಲ, ಕೈಗೆ ಗಾಳಿ ಸಿಗುತ್ತದೆ. ಟ್ರೇನಿಂಗ್ ಮೋಡ್‌ನಲ್ಲಿ ದಿನಕ್ಕೆ ಹತ್ತು ನಿಮಿಷ ಎಡಕ್ಕೆ, ಹತ್ತು ನಿಮಿಷ ಬಲಕ್ಕೆ ಮಾಡಿ. ಬೆರಳಿಗೆ ಬಂದ ಮೇಲೆ ಮರೆಯುವುದಿಲ್ಲ.

ಸುತ್ತು ಬೇಡ ಎನ್ನುವವರಿಗೆ ಮಾಡರ್ನ್ ಕಂಟ್ರೋಲ್ ಇದೆ. ಬಟನ್ನಲ್ಲೇ ಕೆಲಸ ಆಗುತ್ತದೆ, ಹೊಡೆತ ಮಾತ್ರ ಶೇ 20ರಷ್ಟು ಕಡಿಮೆ. ನನಗೆ ಆ ಸುತ್ತಿನದೇ ಚಟ.

ಇನ್ನೊಂದು ವಿಷಯ. ಲೈಟ್ ಪಂಚ್ ಒತ್ತಿದರೆ ಕೈ ಹೆಚ್ಚು ದೂರಕ್ಕೆ ಚಾಚುತ್ತದೆ, ಹೆವಿ ಒತ್ತಿದರೆ ಹೊಡೆತ ಜಾಸ್ತಿ, ಆದರೆ ಎದೆಗೆ ಎದೆ ಹತ್ತಿರ ಇರಬೇಕು. ಕಲಿಯುವವರು ಲೈಟ್ ಅನ್ನೇ ನಂಬಿ.

ಮೂಲೆಯಲ್ಲಿ ಏನು ಮಾಡುವುದು?

ಅವಳು ಮೂಲೆಯಲ್ಲಿ ಬಿದ್ದಿದ್ದಾಳೆ, ಏಳುತ್ತಿದ್ದಾಳೆ, ನೀವು ಮುಂದೆ ನಿಂತಿದ್ದೀರಿ. ಇದೇ ನಿಮ್ಮ ಅಖಾಡ. ಅವಳು ಹೊಡೆತ ಬರುತ್ತದೆಂದು ಬ್ಲಾಕ್ ಮಾಡಿ ಕಾಯುತ್ತಿದ್ದರೆ ಹಿಡಿಯಿರಿ. ಈ ಪಟ್ಟಿಗೆ ಬ್ಲಾಕ್ ನಡೆಯುವುದಿಲ್ಲ. ಮಾಮೂಲಿ ಥ್ರೋ ಬಿಡಿಸಿಕೊಂಡಂತೆ ಬಿಡಿಸಿಕೊಳ್ಳಲೂ ಆಗದು. ಪ್ಯಾರಿ ಒತ್ತಿ ಕಾದರಂತೂ ಹಬ್ಬ. ಪ್ಯಾರಿಯನ್ನು ಹಿಡಿತ ಮುರಿಯುತ್ತದೆ, ಏಟೂ ಜೋರು. ಹಿಡಿತಕ್ಕೆ ಹೆದರಿ ಹಾರಿದರೆ ಹಿಡಿಯಲು ಹೋಗಬೇಡಿ, ಹೊಡೆಯಿರಿ. ಒಂದು ಸಲ ಹಿಡಿದ ಮೇಲೆ ಅವರ ಹೆದರಿಕೆಯೇ ನಿಮ್ಮ ಪರ ಅರ್ಧ ಆಟ ಆಡುತ್ತದೆ.

ನಮ್ಮ ಹುಡುಗ ಮೂಲೆಗೆ ಸಿಕ್ಕಿದಾಗಲೆಲ್ಲ ಗಾಬರಿಯಿಂದ ಕ್ಯಾನನ್ ಸ್ಪೈಕ್ ಹಾಕುತ್ತಿದ್ದ. ಕ್ಯಾಮಿ ಕಾಲು ಮೇಲೆ ಮಾಡಿ ರಾಕೆಟ್ಟಿನಂತೆ ಚಿಮ್ಮುವ ಒದೆ ಅದು. ಡ್ರೈವ್ ಗೇಜ್ ಖರ್ಚು ಮಾಡಿ ಹಾಕಿದರೆ ಏಳುವಾಗ ನಮ್ಮ ಹಿಡಿತವನ್ನೂ ಮುರಿಯುತ್ತದೆ. ಅದಕ್ಕೇ ನಾಲ್ಕು ಸಲ ಸೋತಿದ್ದೆ. ಕಳೆದ ಭಾನುವಾರ ಅವನಿಗೆ ಸುಮಾರು ಕಾಲು ಭಾಗ ಪ್ರಾಣ, ನನಗೆ ಕೂದಲೆಳೆಯಷ್ಟು. ಅವಳು ಎದ್ದಳು. ನಾನು ಏನೂ ಒತ್ತಲಿಲ್ಲ, ಸ್ಟಿಕ್ ಹಿಂದಕ್ಕೆ ಎಳೆದು ಹಿಡಿದೆ ಅಷ್ಟೆ. ಸ್ಪೈಕ್ ಬಂತು, ಬ್ಲಾಕ್ ಆಯಿತು, ಕ್ಯಾಮಿ ನನ್ನ ತಲೆಯ ಮೇಲೆ ಗಾಳಿಯಲ್ಲಿ. ಬೀಳಲು ಹೊತ್ತು ಬೇಕಲ್ಲ, ಅಷ್ಟರಲ್ಲಿ ಆರಾಮಾಗಿ ಸುತ್ತು ಮುಗಿಸಿದೆ. ಕಾಲು ನೆಲಕ್ಕೆ ತಾಗಿದ್ದೇ ತಡ, ಪಂಚ್. ಎತ್ತಿ ಗಿರಗಿರ ತಿರುಗಿಸಿ ಕುಕ್ಕಿದ.

‘ಮಾಮ, ನೀನು ಏನೂ ಮಾಡ್ಲೇ ಇಲ್ಲ!’ ಎಂದು ಹುಡುಗ ಕಂಟ್ರೋಲರ್ ಸೋಫಾಕ್ಕೆ ಎಸೆದ.

ಈಗ ಅವನು ಸ್ಪೈಕ್ ಬಿಟ್ಟು ಹಿಂದಕ್ಕೆ ಹಾರಲು ಕಲಿತಿದ್ದಾನೆ. ಜಾಂಗೀಫ್ ಹತ್ತಿರ ಗಾಳಿಯಲ್ಲೇ ಹಿಡಿಯುವ ಬೋರ್ಷ್ಟ್ ಡೈನಮೈಟ್ ಎಂಬ ಪಟ್ಟೂ ಇದೆ. ಹಾರಿಕೊಂಡೇ ಸುತ್ತು ತಿರುಗಿಸಿ ಕಿಕ್ ಒತ್ತಬೇಕು. ಈ ವಾರ ಅದರ ಅಭ್ಯಾಸ ನಡೆದಿದೆ, ಅವನಿಗೆ ಹೇಳಬೇಡಿ.