ಅಡಿಕೆ ಅಂಗಳ ದಾಟದ ಲೇಸರ್

ಶಿರಸಿ ಕಡೆ ಮಳೆಗಾಲದ ಮುಂಚಿನ ಸಿಡಿಲು ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗುಡ್ಡದ ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಮನೆಯಲ್ಲೇ ನೋಡಲು ತಂತಿ ಎಳೆದಿದ್ದೆ. ಎರಡು ವರ್ಷದಲ್ಲಿ ಎರಡು ಸಲ ಸಿಡಿಲಿಗೆ ಅದರ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟಿತು. ತಂತಿಯೇ ಬೇಡ, ಬೆಳಕಲ್ಲಿ ಕಳಿಸೋಣ ಅಂದುಕೊಂಡೆ. ದೂರ 220 ಮೀಟರ್. ಗ್ರಹಾಂ ಬೆಲ್ 1880ರಲ್ಲೇ ಬಿಸಿಲಿನ ಕಿರಣದಲ್ಲಿ ಮಾತನ್ನು ಸುಮಾರು 213 ಮೀಟರ್ ಕಳಿಸಿದ್ದ. ಅವನಿಗಿಂತ ಏಳು ಮೀಟರ್ ಜಾಸ್ತಿ, ಅಷ್ಟೇ ಅಲ್ವಾ!

5 ಮಿಲಿವ್ಯಾಟಿನ ಕೆಂಪು ಲೇಸರ್, ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡುವ ಫೋಟೋಡಯೋಡ್, ಎರಡು ಆರ್ಡುಯಿನೊ (ಪುಟ್ಟ ಕಂಪ್ಯೂಟರ್ ಬೋರ್ಡು). ಸೆಕೆಂಡಿಗೆ 9600 ಬಿಟ್, ಅಂದರೆ ಅಷ್ಟು ಸೊನ್ನೆ-ಒಂದುಗಳು. ಕಿರಣ ಯಾರ ಕಣ್ಣಿಗೂ ಬೀಳದಂತೆ ಆಳೆತ್ತರಕ್ಕಿಂತ ಮೇಲೆ ಕಟ್ಟಿದೆ. ರಾತ್ರಿ ಒಂದು ತಪ್ಪೂ ಇಲ್ಲ. ಮರುದಿನ ಹನ್ನೊಂದು ಗಂಟೆಗೆ ರಗಳೆ ಶುರು. ಪರದೆ ತುಂಬ ಕಸದ ಅಕ್ಷರಗಳು.

"ಮಧ್ಯಾಹ್ನ ನಿನ್ನ ಲೇಸರ್ರಿಗೂ ನಿದ್ದೆ ಬತ್ತಾ ತಮಾ?" ಅಂದರು ಅಪ್ಪಯ್ಯ.

ಡಯೋಡಿನ ಮುಂದೆ ಬಿಳಿ ಹಾಳೆ ಹಿಡಿದು ನೋಡಿದೆ. ಕೆಂಪು ಚುಕ್ಕೆ ಕುದಿಯುತ್ತಿತ್ತು. ಅದರೊಳಗೆ ಕಪ್ಪು ಕಲೆಗಳು ಇರುವೆ ಸಾಲಿನ ಹಾಗೆ ಹರಿದಾಡುತ್ತಿದ್ದವು. ಕೆಳಗೆ ನಮ್ಮ ಅಂಗಳ, ಅದರ ತುಂಬ ಚಾಲಿ ಅಡಿಕೆ, ಕಾದ ನೆಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಬೆಳಕನ್ನು ಬಗ್ಗಿಸುವ ಗುಣ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು ಬದಲಾಗುತ್ತದೆ. ಏನೂ ಅಲ್ಲ ಅನಿಸುತ್ತದೆ. ಆದರೆ ಬಿಸಿ ಗಾಳಿ ಗುಳ್ಳೆ ಗುಳ್ಳೆಯಾಗಿ ಏಳುವಾಗ ಪ್ರತಿ ಗುಳ್ಳೆಯೂ ಒಂದು ಮಸೂರ. ನನ್ನ ವೇಗದಲ್ಲಿ ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡು. ಹತ್ತು ಮಿಲಿಸೆಕೆಂಡು ಬೆಳಕು ಕುಂದಿದರೆ ಹತ್ತು ಅಕ್ಷರ ಸಾಲಾಗಿ ಸತ್ತಂತೆ.

ಜಾತ್ರೆಯಲ್ಲಿ ಕೊಂಡ ಭೂತಕನ್ನಡಿಯನ್ನು ಡಯೋಡಿನ ಮುಂದೆ ಇಟ್ಟೆ. ಅಗಲ ಜಾಸ್ತಿಯಾದಷ್ಟೂ ಕಪ್ಪು ಕಲೆ, ಬೆಳಕಿನ ಕಲೆ ಎರಡೂ ಒಟ್ಟಿಗೆ ಸಿಕ್ಕಿ ಸರಾಸರಿ ಆಗುತ್ತದೆ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ.

ಆಮೇಲೆ ನಡುವೆ ಒಂದು ರಿಲೇ, ಅಂದರೆ ಬಂದ ಸಿಗ್ನಲ್ ಹಿಡಿದು ಮತ್ತೆ ಮುಂದೆ ಕಳಿಸುವ ಪೆಟ್ಟಿಗೆ, ಇಡುವ ಯೋಚನೆ ಬಂತು. ಗಾಳಿಯ ಕಲಕಾಟ ತೀರಾ ಜೋರಿಲ್ಲದಿದ್ದರೆ ಬೆಳಕಿನ ಈ ಮಿನುಗಾಟ ದೂರದ 11/6ನೇ ಘಾತದಂತೆ ಏರುತ್ತದೆ. ಅಂದರೆ ದಾರಿ ಅರ್ಧವಾದರೆ ಮಿನುಗಾಟ ಸುಮಾರು ಮೂರೂವರೆ ಪಟ್ಟು ಇಳಿಯಬೇಕು. ಮೊದಲು ಪೆಟ್ಟಿಗೆಯನ್ನು ಅಡಿಕೆ ಮರಕ್ಕೆ ಕಟ್ಟಿದೆ. ದಡ್ಡತನ! ಗಾಳಿ ಬಂದರೆ ಮರ ತೂಗುತ್ತದೆ, ಕಿರಣ ಪಕ್ಕದ ಬಾಳೆಗೆ ಹೋಗುತ್ತದೆ. ಕೊನೆಗೆ ಚಿರೆಕಲ್ಲಿನ ಕಂಬ ಕಟ್ಟಿಸಿದೆ.

ಎರಡನೇ ತಪ್ಪು ಇನ್ನೂ ದೊಡ್ಡದು. ರಿಲೇಯಲ್ಲಿ ಬಂದ ಸಿಗ್ನಲನ್ನು ಸುಮ್ನೆ ದೊಡ್ಡದು ಮಾಡಿ ಮುಂದೆ ಕಳಿಸಿದೆ. ಮೊದಲರ್ಧದ ನಡುಕ, ಗದ್ದಲ ಎಲ್ಲ ದೊಡ್ಡದಾಗಿಯೇ ಮುಂದೆ ಹೋಯಿತು. ಅದಕ್ಕೆ ಅಲ್ಲೂ ಒಂದು ಆರ್ಡುಯಿನೊ ಕೂರಿಸಿದೆ. ಅದು ಅಕ್ಷರ ಓದಿ, ಹೊಸ ಲೇಸರ್ರಿನಿಂದ ಹೊಸದಾಗಿ ಬರೆದು ಕಳಿಸುತ್ತದೆ. ತಪ್ಪಾಗಿ ಓದಿದರೆ ತಪ್ಪೇ ಮುಂದೆ ಹೋಗುತ್ತದೆ ನಿಜ. ಹಾಗಾಗಿ ಪ್ರತಿ ಸಾಲಿಗೂ ಚೆಕ್‌ಸಮ್, ಅಂದರೆ ಸಾಲು ಸರಿಯಿದೆಯೇ ಎಂದು ತಾಳೆ ನೋಡುವ ಅಂಕೆ, ಸೇರಿಸಿದೆ, ಹೊಂದದಿದ್ದರೆ ರಿಲೇ ಅದನ್ನು ಅಲ್ಲೇ ಬಿಸಾಡುತ್ತದೆ. ಟ್ಯಾಂಕಿನ ಲೆಕ್ಕ ಹೇಗೂ ಐದು ಸೆಕೆಂಡಿಗೊಮ್ಮೆ ಬರುತ್ತದೆ, ಒಂದೆರಡು ಹೋದರೆ ನಷ್ಟವಿಲ್ಲ.

ಈಗ ನಡುಮಧ್ಯಾಹ್ನವೂ ನೀರಿನ ಮಟ್ಟ ಸರಿಯಾಗಿ ಕಾಣುತ್ತದೆ. ಬೆಳಗಿನ ದಟ್ಟ ಮಂಜಿನಲ್ಲಿ ಮಾತ್ರ ಬೆಳಕು ಚದುರಿ ಲಿಂಕು ಪೂರ್ತಿ ಸಾಯುತ್ತದೆ. ಆ ಹೊತ್ತಿಗೆ ಅಪ್ಪಯ್ಯ ಕೋಲು ಹಿಡಿದು ಗುಡ್ಡ ಹತ್ತಿ, ಟ್ಯಾಂಕು ಬಡಿದು ನೋಡಿ ಬರುತ್ತಾರೆ.