ವಯಸ್ಸು ಎಪ್ಪತ್ತು ದಾಟಿದ ಮೇಲೆ ಹಿತ್ತಲು: ಕೆಲಸದವರಿಂದ ಮಾಡಿಸುವಾಗ

ತೀರ್ಥಹಳ್ಳಿ, ಹೊಸನಗರದ ಕಡೆ ಹಿತ್ತಲಿನ ಕೆಲಸವೆಲ್ಲ ಮಳೆಯ ಲೆಕ್ಕದಲ್ಲೇ ನಡೆಯಬೇಕು. ವಾರಕ್ಕೊಮ್ಮೆ ಒಬ್ಬರು ಬಂದುಹೋಗುವ ಏರ್ಪಾಡು ಇಲ್ಲಿ ನಿಲ್ಲುವುದಿಲ್ಲ. ಜುಲೈಯಲ್ಲಿ ನಾಟಿ, ಅಕ್ಟೋಬರ್ ಬಂತೆಂದರೆ ಅಡಿಕೆ ಕೊಯ್ಲು. ಆಗ ಜನ ಸಿಗುವುದೇ ಕಷ್ಟ. ನಾನು ವರ್ಷಕ್ಕೆ ಮೂರು ಸಲದ ಕೆಲಸಕ್ಕೆ ಮೊದಲೇ ಮಾತಾಡಿಟ್ಟುಕೊಳ್ಳುತ್ತೇನೆ: ಮೇ ಮೂರನೇ ವಾರ, ಆಗಸ್ಟ್‌ನಲ್ಲಿ ಮಳೆ ಬಿಟ್ಟು ಹೊಳವಾದಾಗ, ಸೆಪ್ಟೆಂಬರ್ ಕೊನೆ. ಈ ಕೊನೆಯದನ್ನು ಮಾತ್ರ ತಪ್ಪಿಸಬಾರದು. ಕಮ್ಯುನಿಸ್ಟ್ ಗಿಡ ಎನ್ನುವ ಪೊದೆಕಳೆಯನ್ನು ಹೂ ಬಿಡುವ ಮೊದಲೇ ಕಡಿಸಬೇಕು. ಬಿಟ್ಟರೆ ಬೀಜ ಗಾಳಿಯಲ್ಲಿ ಹಾರಿ ಮುಂದಿನ ಮಳೆಗೆ ಇಡೀ ಹಿತ್ತಲು ಅದರದ್ದೇ.

ಮೇ ತಿಂಗಳಲ್ಲಿ ಮೊದಲು ಚರಂಡಿ, ಆಮೇಲೆ ಹುಲ್ಲು. ಸೂರಿನ ನೀರು ಬೀಳುವ ಜಾಗದಿಂದ ಹೊರಗಿನ ಕಾಲುವೆವರೆಗೆ ದರಕು (ಉದುರಿದ ಒಣ ಎಲೆ), ಮಣ್ಣು ಪೂರಾ ತೆಗೆಸಬೇಕು. ಇಳಿಜಾರಿನಲ್ಲಿ ಹುಲ್ಲನ್ನು ಗುದ್ದಲಿಯಿಂದ ಕೆತ್ತಲು ಬಿಡಬೇಡಿ. ನೋಡಲು ಚೊಕ್ಕಟವಾಗಿ ಕಾಣುತ್ತದೆ, ಆದರೆ ಬೇರು ಹೋದ ಮಣ್ಣು ಜೂನ್ ಮಳೆಗೆ ನಿಲ್ಲುವುದಿಲ್ಲ. ಮೂರು ಇಂಚು ಉಳಿಸಿ ಕೊಯ್ದರೆ ಸಾಕು.

ಈಗ ಹೆಚ್ಚಿನವರು ಕಳೆ ಕೊಚ್ಚುವ ಯಂತ್ರ ತರುತ್ತಾರೆ. ಹಿತ್ತಲಿನ ಗಿಡ ಸಾಯುವುದು ಹೆಚ್ಚಾಗಿ ಇದರಿಂದಲೇ. ಅದರಲ್ಲಿ ತಿರುಗುವ ನೈಲಾನ್ ದಾರ ಎಳೆಯ ಕಾಂಡಕ್ಕೆ ತಾಗಿದರೆ ಸಿಪ್ಪೆ ಸುಲಿಯುತ್ತದೆ. ಸುತ್ತಲೂ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಗಿಡ ಒಣಗುತ್ತದೆ, ಅದೂ ತಿಂಗಳುಗಳ ಮೇಲೆ, ಕಾರಣವೇ ತಿಳಿಯದ ಹಾಗೆ. ಅದಕ್ಕೇ ಯಂತ್ರ ಬರುವ ಹಿಂದಿನ ದಿನ ಪ್ರತಿ ಗಿಡದ ಬುಡದ ಸುತ್ತ ಒಂದಡಿ ಜಾಗದಲ್ಲಿ ಕೈಯಲ್ಲೇ ಕಳೆ ಕೀಳಿಸಿ, ಅಲ್ಲಿಗೆ ದರಕು ಹೊದಿಸಿಬಿಡಬೇಕು. ಯಂತ್ರ ಓಡುವಾಗ ಕಲ್ಲು ಸಿಡಿಯುತ್ತದೆ. ಹದಿನೈದು ಮೀಟರ್ ಒಳಗೆ ಯಾರೂ ಇರಬಾರದು, ಓಡಿಸುವವರಿಗೆ ಕನ್ನಡಕ, ಬೂಟು ಬೇಕೇ ಬೇಕು. ಯಂತ್ರ ನಿಮ್ಮದೇ ಆಗಿ, ಟೂ-ಸ್ಟ್ರೋಕ್ ಆದರೆ ಲೀಟರ್ ಪೆಟ್ರೋಲಿಗೆ 20ರಿಂದ 40 ಮಿಲಿ ಟೂ-ಸ್ಟ್ರೋಕ್ ಎಣ್ಣೆ, ಅದರ ಪುಸ್ತಕದಲ್ಲಿ ಹೇಳಿದಷ್ಟೇ, ನೀವೇ ಬೆರೆಸಿಡಿ. ಎಣ್ಣೆ ಕಮ್ಮಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಡೇರೆ (ಡೇಲಿಯಾ) ಹೂವಿನ ಗಡ್ಡೆ ಬಗ್ಗೆ ಬೇರೆಯೇ ಹೇಳಬೇಕು. ಬೇಸಿಗೆಯಲ್ಲಿ ಮೇಲೆ ಏನೂ ಕಾಣುವುದಿಲ್ಲ, ಹೊಸಬರು ಖಾಲಿ ಜಾಗ ಎಂದುಕೊಂಡು ಅಗೆದುಬಿಡುತ್ತಾರೆ. ಡೇರೆಯ ಮೊಳಕೆ ಬರುವುದು ಹಳೆಯ ಕಾಂಡದ ಬುಡದ ಕುತ್ತಿಗೆಯಿಂದ ಮಾತ್ರ. ಅದು ತುಂಡಾದರೆ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಗಿಡ ಒಣಗುವಾಗಲೇ ಪಕ್ಕದಲ್ಲಿ ಬಿದಿರಿನ ಗೂಟ ಹೊಡೆದು ಬಣ್ಣದ ಬಟ್ಟೆ ಕಟ್ಟಿ. ಒಂದೆಲಗದ ಪಾತಿಗೂ ಹಾಗೇ, ಇಲ್ಲದಿದ್ದರೆ ಕಳೆಯ ಜತೆ ಅದೂ ಹೋಗುತ್ತದೆ.

ವಯಸ್ಸಾದವರಿಗೆ ನಿಜವಾದ ಅಪಾಯ ಅಂಗಳದ ಹಾವಸೆ. ಎತ್ತರದ ಹುಲ್ಲಿಗಿಂತ ಇದಕ್ಕೆ ಮೊದಲು ದುಡ್ಡು ಹಾಕಿ. ಬ್ಲೀಚಿಂಗ್ ಪುಡಿ ಹಾಕಿ ಗಡುಸು ಬ್ರಶ್‌ನಲ್ಲಿ ಉಜ್ಜಿಸಬೇಕು; ಆ ನೀರು ಬಾವಿಯ ಕಡೆ ಹರಿಯಬಾರದು, ಜತೆಗೆ ಆಸಿಡ್ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ. ಬಚ್ಚಲಿಗೆ ಹೋಗುವ ದಾರಿಗೆ ಅಡಿಕೆ ದಬ್ಬೆಯನ್ನು ಅಡ್ಡಡ್ಡ ಹಾಕಿಸಿ.

ದರಕು ಗುಡಿಸುವ ಕೆಲಸ ಬೇಸಿಗೆಯದ್ದು, ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಈ ರೋಗ ಮೊದಲು ಗೊತ್ತಾದದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣುಗು ಇರುವುದು ಒಣ ಎಲೆಯಲ್ಲಿ. ಕೆಲಸದವರಿಗೆ ತುಂಬು ತೋಳಿನ ಅಂಗಿ, ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಕೆಲಸ ಮುಗಿದ ಮೇಲೆ ಬಿಸಿನೀರಿನ ಸ್ನಾನ, ಇಷ್ಟು ಒದಗಿಸುವುದು ಕರೆಸಿದವರ ಜವಾಬ್ದಾರಿ.

ಕಳೆನಾಶಕ ಹೊಡೆಯುತ್ತೇವೆ ಎಂದರೆ ನಾನು ಒಪ್ಪುವುದಿಲ್ಲ. ಮಳೆ ಬಂದರೆ ತೊಳೆದುಹೋಗುತ್ತದೆ, ಗಾಳಿ ಬಂದರೆ ಬಸಳೆ ಚಪ್ಪರಕ್ಕೆ ತಾಗುತ್ತದೆ.

ಕೂಲಿಯ ವಿಷಯ: ಯಂತ್ರದ ಕೆಲಸಕ್ಕೆ ಗಂಟೆ ಲೆಕ್ಕ, ಕೈಯಲ್ಲಿ ಕೀಳುವುದಕ್ಕೆ ದಿನಗೂಲಿ. ಕೀಳುವುದನ್ನು ಗುತ್ತಿಗೆ ಕೊಟ್ಟರೆ ಅವಸರದಲ್ಲಿ ಮೇಲೆ ಕಿತ್ತು ಬೇರು ಬಿಡುತ್ತಾರೆ, ಜೇಕಿನಂಥ ಕಳೆ ಹದಿನೈದೇ ದಿನದಲ್ಲಿ ಮತ್ತೆ ಏಳುತ್ತದೆ. ಪೆಟ್ರೋಲು ಯಾರದ್ದು, ಕಡಿದ ಸೊಪ್ಪು ಗೊಬ್ಬರಗುಂಡಿಗೋ ಬೇಲಿಯಾಚೆಗೋ, ಊಟ ಇದೆಯೋ ಎನ್ನುವುದನ್ನು ಮೊದಲೇ ಮಾತಾಡಿ. ಸಂಜೆ ನಾಲ್ಕಕ್ಕೆ ಒಟ್ಟಿಗೆ ಒಂದು ಸುತ್ತು ನೋಡಿದರೆ, ಉಳಿದದ್ದನ್ನು ಹೇಳಿ ಮಾಡಿಸಲು ಬೆಳಕಿರುತ್ತದೆ.